ಬಾರಿನಲ್ಲಿ ಸಿಗರೇಟು: ಕಾನೂನು ಏನು ಹೇಳುತ್ತದೆ, ಹೊಗೆ ಏನು ಮಾಡುತ್ತದೆ

ಕೋಲಾರದಲ್ಲಿ ಗೆಳೆಯರ ಜೊತೆ ಕೂತಾಗ ಈ ಮಾತು ಆಗಾಗ ಬರುತ್ತದೆ. ಬಾರು, ಹೋಟೆಲುಗಳಲ್ಲಿ ಸಿಗರೇಟು ಸೇದುವುದನ್ನು ನಿಷೇಧಿಸಬೇಕಾ, ಬೇಡವಾ? ಒಬ್ಬರು ಬೇಕೇ ಬೇಕು ಅನ್ನುತ್ತಾರೆ. ಇನ್ನೊಬ್ಬರು, ಕುಡಿಯೋಕೆ ಬಂದವನಿಗೆ ಸೇದಬೇಡ ಅಂದ್ರೆ ಹೇಗೆ ಅನ್ನುತ್ತಾರೆ. ಮಾತು ಬಿಸಿಯಾಗುತ್ತದೆ. ಅಷ್ಟರಲ್ಲಿ ಇಬ್ಬರೂ ಮರೆತಿರುವ ಒಂದು ಸಂಗತಿ ಇದೆ. ನಮ್ಮ ದೇಶದಲ್ಲಿ 2008ರ ಅಕ್ಟೋಬರ್ 2ರಿಂದಲೇ ಇದು ನಿಷೇಧ.

ಹಾಗಾದರೆ ಹೆದ್ದಾರಿ ಪಕ್ಕದ ಬಾರಿಗೆ ಹೋದರೆ ಕಣ್ಣು ಉರಿಯುವಷ್ಟು ಹೊಗೆ ಏಕೆ? ಟೇಬಲ್ ಮೇಲೆ ಆಶ್ ಟ್ರೇ ಏಕೆ? ಇದಕ್ಕೆ ಉತ್ತರ ಬೇಕಾದರೆ ಕಾನೂನನ್ನು ಸ್ವಲ್ಪ ಬಿಡಿಸಿ ನೋಡಬೇಕು. ಆಮೇಲೆ ಹೊಗೆಯನ್ನು.

ಮೊದಲು ಕಾನೂನು. 2001ರ ನವೆಂಬರ್ 2ರಂದು ರಾಜಕಾರಣಿ ಮುರಳಿ ದೇವರಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು ಸಾರ್ವಜನಿಕ ಜಾಗಗಳಲ್ಲಿ ಧೂಮಪಾನ ನಿಲ್ಲಿಸಿ ಅಂತ ಆದೇಶ ಕೊಟ್ಟಿತು. ಅದಕ್ಕೂ ಎರಡು ವರ್ಷ ಮುಂಚೆ, 1999ರಲ್ಲಿ, ಕೇರಳ ಹೈಕೋರ್ಟು ಇದೇ ಮಾತು ಹೇಳಿತ್ತು. ಸೇದದವನು ಬೇರೆಯವರ ಹೊಗೆ ಕುಡಿಯಬೇಕಾಗಿ ಬಂದರೆ ಅವನ ಬದುಕುವ ಹಕ್ಕಿಗೆ ಧಕ್ಕೆ ಅನ್ನುವುದು ಆ ತೀರ್ಪುಗಳ ತಿರುಳು. ಸಂವಿಧಾನದ 21ನೇ ವಿಧಿ ಇಲ್ಲಿ ಬರುತ್ತದೆ. 2003ರಲ್ಲಿ ಸಂಸತ್ತು ಸಿಗರೇಟು ಮತ್ತು ಇತರ ತಂಬಾಕು ಉತ್ಪನ್ನಗಳ ಕಾಯ್ದೆ ತಂದಿತು. ಇದನ್ನೇ ಎಲ್ಲರೂ ಕೋಟ್ಪಾ ಅನ್ನುತ್ತಾರೆ. ಅದರ 4ನೇ ಸೆಕ್ಷನ್ ಸಾರ್ವಜನಿಕ ಜಾಗದಲ್ಲಿ ಸೇದುವುದನ್ನು ತಡೆಯುತ್ತದೆ. ಆಸ್ಪತ್ರೆ, ಕೋರ್ಟು, ಬಸ್ಸು, ಹೋಟೆಲು ಎಲ್ಲ ಅದರಲ್ಲಿ ಬಂದವು. 2008ರ ನಿಯಮಗಳಲ್ಲಿ ಪಬ್ಬು, ಬಾರು, ಕ್ಯಾಂಟೀನು, ಮಾಲು, ಸಿನಿಮಾ ಮಂದಿರ, ಕೆಲಸದ ಜಾಗ ಇವೂ ಸೇರಿದವು. ಬಾರ್ ಅನ್ನುವ ಪದ ಅಲ್ಲಿ ಬಾಯಿ ಬಿಟ್ಟು ಬರೆದಿದೆ. ಅನುಮಾನಕ್ಕೆ ಜಾಗವಿಲ್ಲ.

ಆದರೆ ಅದೇ 4ನೇ ಸೆಕ್ಷನ್ನಿನ ಕೊನೆಯಲ್ಲಿ ಒಂದು ವಿನಾಯಿತಿ ಇದೆ. 30 ಕೋಣೆ ಇರುವ ಹೋಟೆಲು, 30 ಅಥವಾ ಅದಕ್ಕಿಂತ ಜಾಸ್ತಿ ಜನ ಕೂರುವ ರೆಸ್ಟೋರೆಂಟು ಮತ್ತು ವಿಮಾನ ನಿಲ್ದಾಣ, ಇವು ಸೇದುವವರಿಗೆ ಪ್ರತ್ಯೇಕ ಜಾಗ ಮಾಡಬಹುದು. ನಮ್ಮ ಬಹಳಷ್ಟು ಬಾರುಗಳು ಲೈಸೆನ್ಸಿನಲ್ಲಿ ಬಾರ್ ಅಂಡ್ ರೆಸ್ಟೋರೆಂಟುಗಳೇ ಅಲ್ವಾ? ಹತ್ತು ಟೇಬಲ್ ಹಾಕಿದರೆ 30 ಸೀಟು ದಾಟಿತು. ನಮಗೂ ವಿನಾಯಿತಿ ಇದೆ ಅಂತ ಮಾಲೀಕರು ಹೇಳುವುದು ಇದರ ಮೇಲೆಯೇ.

ವಿನಾಯಿತಿ ಇರುವುದು ನಿಜ. ಅದು ಎಂಥ ಜಾಗಕ್ಕೆ ಅಂತ ಮಾತ್ರ ಯಾರೂ ಪೂರ್ತಿ ಓದುವುದಿಲ್ಲ. ನಿಯಮದ ಪ್ರಕಾರ ಆ ಕೋಣೆಗೆ ನಾಲ್ಕು ಕಡೆಯೂ ನೆಲದಿಂದ ಸೂರಿನವರೆಗೆ ಗೋಡೆ ಇರಬೇಕು. ಬಾಗಿಲು ತಾನಾಗಿ ಮುಚ್ಚಿಕೊಳ್ಳಬೇಕು. ಒಳಗಿನ ಗಾಳಿ ನೇರವಾಗಿ ಕಟ್ಟಡದ ಆಚೆಗೆ ಹೋಗಬೇಕು, ಮಿಕ್ಕ ಹಾಲಿನ ಗಾಳಿಗೆ ಸೇರಬಾರದು. ಜೊತೆಗೆ ಕೋಣೆಯೊಳಗಿನ ಒತ್ತಡ ಹೊರಗಿಗಿಂತ ಕಡಿಮೆ ಇರಬೇಕು. ಇದು ಸ್ವಲ್ಪ ಕಷ್ಟದ ಮಾತು, ಬಿಡಿಸಿ ಹೇಳುತ್ತೇನೆ. ಫ್ಯಾನು ಜೋರಾಗಿ ಗಾಳಿಯನ್ನು ಆಚೆ ಎಳೆಯುತ್ತಿದ್ದರೆ ಕೋಣೆಯೊಳಗೆ ಗಾಳಿಯ ಕೊರತೆ ಆಗುತ್ತದೆ. ಆಗ ಯಾರಾದರೂ ಬಾಗಿಲು ತೆಗೆದರೆ ಹಾಲಿನ ಗಾಳಿ ಒಳಗೆ ನುಗ್ಗುತ್ತದೆ, ಒಳಗಿನ ಹೊಗೆ ಹಾಲಿಗೆ ಬರುವುದಿಲ್ಲ. ಹಾಗೆ ಇರಬೇಕು ಅನ್ನುವುದು ನಿಯಮ. ಆ ಕೋಣೆ ಬರುವ ಹೋಗುವ ದಾರಿಯಲ್ಲೂ ಇರಬಾರದು.

2017ರಲ್ಲಿ ಕೇಂದ್ರ ಸರ್ಕಾರ ಇದಕ್ಕೆ ಇನ್ನೊಂದು ಮಾತು ಸೇರಿಸಿತು. ಸೇದುವ ಕೋಣೆಯೊಳಗೆ ಏನನ್ನೂ ಸರಬರಾಜು ಮಾಡುವಂತಿಲ್ಲ. ಊಟ ಇಲ್ಲ, ಬಿಯರ್ ಇಲ್ಲ, ಟೀ ಇಲ್ಲ. ಹೋಗಿ ಸೇದಿ ಆಚೆ ಬರಬೇಕು, ಅಷ್ಟೇ.

ಈಗ ನೀವು ನೋಡಿರುವ ಬಾರುಗಳನ್ನು ನೆನಪಿಸಿಕೊಳ್ಳಿ. ಅರ್ಧ ಗಾಜಿನ ಪಾರ್ಟಿಷನ್, ಮೇಲೆ ತೆರೆದ ಜಾಗ. ಇಲ್ಲವಾದರೆ ಹಿಂದಿನ ಶೆಡ್ಡಿಗೆ ತಗಡು ಹೊದಿಸಿ ಸ್ಮೋಕಿಂಗ್ ಜೋನ್ ಅಂತ ಬೋರ್ಡು. ಒಳಗೆ ಟೇಬಲ್ ಹಾಕಿ ಕಬಾಬು, ಬೋಟಿ, ಬಾಟಲಿ ಎಲ್ಲ ಅಲ್ಲಿಗೇ. ಇದು ವಿನಾಯಿತಿಯೊಳಗೆ ಬರುವುದಿಲ್ಲ. ಹತ್ತು ಸೀಟಿನ ಮಿಲಿಟರಿ ಹೋಟೆಲಿಗಂತೂ ವಿನಾಯಿತಿಯೇ ಇಲ್ಲ, ಅಲ್ಲಿ ಎಲ್ಲಿಯೂ ಸೇದುವಂತಿಲ್ಲ.

ಕರ್ನಾಟಕ ತನ್ನದೇ ತಿದ್ದುಪಡಿಯನ್ನೂ ಮಾಡಿದೆ. 2024ರ ಫೆಬ್ರವರಿಯಲ್ಲಿ ವಿಧಾನಸಭೆ ಅದನ್ನು ಒಪ್ಪಿತು. ರಾಷ್ಟ್ರಪತಿಗಳ ಅಂಕಿತ ಬಿದ್ದು 2025ರ ಮೇ ತಿಂಗಳಲ್ಲಿ ಕಾಯ್ದೆಯಾಯಿತು. ಮೊದಲು 200 ರೂಪಾಯಿವರೆಗೆ ಇದ್ದ ದಂಡ ಈಗ 1,000 ರೂಪಾಯಿವರೆಗೆ. ತಂಬಾಕು ಕೊಳ್ಳುವ ವಯಸ್ಸು 18ರಿಂದ 21ಕ್ಕೆ ಏರಿತು. ಹುಕ್ಕಾ ಬಾರುಗಳು ಪೂರ್ತಿ ಬಂದ್. ಒಳ್ಳೆಯ ಹೆಜ್ಜೆಗಳು. ಆದರೆ 30 ಸೀಟಿನ ವಿನಾಯಿತಿಯನ್ನು ಈ ತಿದ್ದುಪಡಿಯೂ ಹಾಗೇ ಉಳಿಸಿಕೊಂಡಿತು. ನನ್ನ ತಕರಾರು ಇರುವುದು ಅಲ್ಲೇ. ಯಾಕೆ ಅನ್ನುವುದಕ್ಕೆ ಹೊಗೆಯ ವಿಷಯಕ್ಕೆ ಬರಬೇಕು.

ಒಂದು ಸಿಗರೇಟಿನಿಂದ ಎರಡು ಥರದ ಹೊಗೆ ಬರುತ್ತದೆ. ಸೇದುವವನು ಎಳೆದುಕೊಂಡು ಬಿಡುವ ಹೊಗೆ ಒಂದು. ಬೆರಳ ಸಂದಿಯಲ್ಲೋ ಆಶ್ ಟ್ರೇಯಲ್ಲೋ ಇರುವಾಗ ತುದಿಯಿಂದ ಸುಮ್ಮನೆ ಏಳುವ ಹೊಗೆ ಇನ್ನೊಂದು. ಪಕ್ಕದವರು ಕುಡಿಯುವ ಹೊಗೆಯಲ್ಲಿ ನೂರಕ್ಕೆ ಸುಮಾರು 85 ಭಾಗ ಈ ಎರಡನೆಯದೇ. ಇದು ಯಾವ ಫಿಲ್ಟರನ್ನೂ ಹಾದು ಬರುವುದಿಲ್ಲ. ಎಳೆಯದೇ ಇದ್ದಾಗ ತುದಿ ಕಡಿಮೆ ಶಾಖದಲ್ಲಿ ಮಂದವಾಗಿ ಉರಿಯುತ್ತದೆ. ಹಸಿ ಸೌದೆ ಒಲೆ ಊದದೇ ಬಿಟ್ಟರೆ ಹೊಗೆ ಜಾಸ್ತಿ ಅಲ್ವಾ, ಹಾಗೆ. ಸರಿಯಾಗಿ ಉರಿಯದ ಕಾರಣ ಅದರಲ್ಲಿ ಹಲವು ವಿಷಗಳು ಇನ್ನೂ ಜಾಸ್ತಿ ಇರುತ್ತವೆ. ತಂಬಾಕಿನ ಹೊಗೆಯಲ್ಲಿ 7,000ಕ್ಕೂ ಹೆಚ್ಚು ರಾಸಾಯನಿಕಗಳಿವೆ, ಅವುಗಳಲ್ಲಿ 70ರಷ್ಟು ಕ್ಯಾನ್ಸರ್ ತರುವಂಥವು. ಬೀಡಿಯ ಹೊಗೆಯೂ ಇದಕ್ಕಿಂತ ಮೃದು ಏನಲ್ಲ.

ಸೇದದವರಿಗೆ ಇದರಿಂದ ಏನಾಗುತ್ತದೆ ಅನ್ನುವುದು ಗೊತ್ತಾಗಿದ್ದು ಒಂದೇ ದಿನದಲ್ಲಿ ಅಲ್ಲ. 1981ರಲ್ಲಿ ಜಪಾನಿನ ತಕೇಶಿ ಹಿರಯಾಮ ಒಂದು ಅಧ್ಯಯನ ಪ್ರಕಟಿಸಿದರು. ತಾವು ಸೇದದ 91,540 ಹೆಂಗಸರನ್ನು 14 ವರ್ಷ ಗಮನಿಸಿದ್ದರು. ಗಂಡ ಸೇದುವವನಾದರೆ ಹೆಂಡತಿಗೆ ಶ್ವಾಸಕೋಶದ ಕ್ಯಾನ್ಸರಿನ ಸಾಧ್ಯತೆ ಜಾಸ್ತಿ ಅಂತ ಕಂಡಿತು. ತಂಬಾಕು ಕಂಪನಿಗಳು ಇದನ್ನು ಒಪ್ಪಲಿಲ್ಲ. ಆಮೇಲೆ ಒಂದರ ಹಿಂದೆ ಒಂದು ಪುರಾವೆ ಬಂತು. 2006ರಲ್ಲಿ ಅಮೆರಿಕ ಸರ್ಕಾರದ ಹಿರಿಯ ವೈದ್ಯಾಧಿಕಾರಿ ಸರ್ಜನ್ ಜನರಲ್ ಅವರ ವರದಿ ಎಲ್ಲವನ್ನೂ ಒಟ್ಟು ಸೇರಿಸಿತು. ಬೇರೆಯವರ ಹೊಗೆ ಕುಡಿಯುವ, ಸೇದದ ಮನುಷ್ಯನಿಗೆ ಹೃದಯದ ಕಾಯಿಲೆಯ ಸಾಧ್ಯತೆ ನೂರಕ್ಕೆ 25ರಿಂದ 30ರಷ್ಟು ಹೆಚ್ಚು. ಶ್ವಾಸಕೋಶದ ಕ್ಯಾನ್ಸರಿನದು 20ರಿಂದ 30ರಷ್ಟು ಹೆಚ್ಚು. ಇಷ್ಟು ಹೊಗೆಯಾದರೆ ಪರವಾಗಿಲ್ಲ ಅನ್ನುವ ಮಟ್ಟವೇ ಇಲ್ಲ ಅಂತಲೂ ಆ ವರದಿ ಹೇಳಿತು.

ಹೃದಯದ ವಿಷಯ ಕೇಳಿ ಬಹಳ ಜನ ಆಶ್ಚರ್ಯ ಪಡುತ್ತಾರೆ. ಹೊಗೆ ಅಂದರೆ ಶ್ವಾಸಕೋಶ ತಾನೆ? ಆದರೆ ಹೊಗೆಯ ಕಣಗಳು ರಕ್ತನಾಳದ ಒಳಪದರವನ್ನು ಕೆಡಿಸುತ್ತವೆ, ರಕ್ತವನ್ನು ಅಂಟಂಟಾಗಿ ಮಾಡುತ್ತವೆ. ಅದಕ್ಕೆ ವರ್ಷಗಳೂ ಬೇಕಾಗಿಲ್ಲ. 2001ರಲ್ಲಿ ಜಪಾನಿನ ವೈದ್ಯರು, ಸೇದದ ಆರೋಗ್ಯವಂತರನ್ನು ಅರ್ಧ ಗಂಟೆ ಹೊಗೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದ್ದರು. ಬೇಕಾದಾಗ ಹೃದಯಕ್ಕೆ ಹೆಚ್ಚು ರಕ್ತ ಒದಗಿಸುವ ಶಕ್ತಿ ಅಷ್ಟರಲ್ಲೇ ಕುಗ್ಗಿತ್ತು.

"ಎ.ಸಿ. ಇದೆಯಲ್ಲ ಸಾರ್, ಎಳೆದುಕೊಳ್ಳುತ್ತೆ." ಇದು ನಾನು ಎಷ್ಟೋ ಸಲ ಕೇಳಿರುವ ಮಾತು. ದಯವಿಟ್ಟು ಇದನ್ನು ನಂಬಬೇಡಿ. ಗೋಡೆಗೆ ಹಾಕುವ ಮಾಮೂಲಿ ಸ್ಪ್ಲಿಟ್ ಎ.ಸಿ. ಹೊರಗಿನ ಗಾಳಿಯನ್ನು ಒಳಗೆ ತರುವುದೇ ಇಲ್ಲ. ಕೋಣೆಯ ಗಾಳಿಯನ್ನೇ ಎಳೆದು, ತಣ್ಣಗೆ ಮಾಡಿ, ಅದೇ ಗಾಳಿಯನ್ನು ವಾಪಸ್ ಬಿಡುತ್ತದೆ. ಹೊರಗಿರುವ ಪೆಟ್ಟಿಗೆ ಶಾಖವನ್ನು ಮಾತ್ರ ಆಚೆ ಹಾಕುತ್ತದೆ. ಅದರ ಜಾಲರಿಗೆ ದಪ್ಪ ಧೂಳು ಸಿಕ್ಕಿಕೊಳ್ಳಬಹುದು. ಹೊಗೆಯ ಕಣಗಳಿಗೆ ಅದು ಊರಬಾಗಿಲು ಇದ್ದ ಹಾಗೆ. ಅವು 2.5 ಮೈಕ್ರಾನಿಗಿಂತ ಸಣ್ಣವು, ನಮ್ಮ ತಲೆಕೂದಲೊಂದು ಸುಮಾರು 70 ಮೈಕ್ರಾನ್ ದಪ್ಪ. ಅನಿಲಗಳನ್ನಂತೂ ಜಾಲರಿ ತಡೆಯುವ ಪ್ರಶ್ನೆಯೇ ಇಲ್ಲ. ಎ.ಸಿ. ಹಾಲಿನಲ್ಲಿ ಕಿಟಕಿ ಬಾಗಿಲು ಮುಚ್ಚಿರುವುದರಿಂದ ಹೊಗೆ ತೆರೆದ ಗಾರ್ಡನ್ನಿಗಿಂತ ಜಾಸ್ತಿ ಹೊತ್ತು ಅಲ್ಲೇ ಸುತ್ತುತ್ತದೆ. ಎಕ್ಸಾಸ್ಟ್ ಫ್ಯಾನು ಇದಕ್ಕಿಂತ ಮೇಲು. ಅದೂ ಪೂರ್ತಿ ಸಾಲದು. ಒಂದೇ ಹಾಲಿನಲ್ಲಿ ಆ ಮೂಲೆ ಸೇದುವವರಿಗೆ, ಈ ಮೂಲೆ ಸೇದದವರಿಗೆ ಅನ್ನುವುದು ಟೇಬಲ್ ಹಾಕುವವರ ಲೆಕ್ಕ. ಹೊಗೆಗೆ ಆ ಲೆಕ್ಕ ಗೊತ್ತಿಲ್ಲ.

ಇಷ್ಟರವರೆಗೆ ನಾನು ಗಿರಾಕಿಯ ಬಗ್ಗೆ ಹೇಳಿದ ಹಾಗೆ ಕೇಳಿಸಿರಬಹುದು. ನಿಜಕ್ಕೂ ನನ್ನ ಮನಸ್ಸಿನಲ್ಲಿ ಇರುವವನು ಸಪ್ಲೈಯರ್.

ಗಿರಾಕಿ ಬರುತ್ತಾನೆ, ಒಂದೆರಡು ಗಂಟೆ ಕೂರುತ್ತಾನೆ, ಹೋಗುತ್ತಾನೆ. ಹೊಗೆ ಬೇಡವಾದರೆ ಬೇರೆ ಕಡೆ ಹೋಗಬಹುದು. ಸಪ್ಲೈಯರ್ ಬೆಳಿಗ್ಗೆ ಹನ್ನೊಂದಕ್ಕೆ ಬಂದರೆ ರಾತ್ರಿ ಹನ್ನೊಂದರವರೆಗೆ ಅಲ್ಲೇ. ಕ್ಯಾಷಿಯರ್ ಅಲ್ಲೇ. ಟೇಬಲ್ ಒರೆಸುವ ಹುಡುಗ ಅಲ್ಲೇ. ನನಗೆ ಪರಿಚಯದ ಒಬ್ಬ ಸಪ್ಲೈಯರ್ ಇದ್ದಾನೆ, ಶ್ರೀನಿವಾಸಪುರ ಕಡೆಯವನು. ಅವನು ಒಂದು ದಿನವೂ ಸಿಗರೇಟು ಮುಟ್ಟಿದವನಲ್ಲ. ಅವರಪ್ಪ ಬೀಡಿ ಸೇದಿ ಸೇದಿ ಕೆಮ್ಮಿದ್ದನ್ನು ನೋಡಿ ಬೆಳೆದವನು. ಒಂದು ರಾತ್ರಿ ಬಿಲ್ಲು ಕೊಡುವಾಗ ಅವನೇ ಕೆಮ್ಮುತ್ತಿದ್ದ. ಡಾಕ್ಟರಿಗೆ ತೋರಿಸಿದೆಯಾ ಅಂತ ಕೇಳಿದೆ. "ತೋರಿಸ್ದೆ ಅಣ್ಣ. ಸಿಗರೇಟು ಬಿಡಪ್ಪಾ ಅಂದ್ರು. ನಾನು ಸೇದಲ್ಲ ಅಂದ್ರೆ ನಂಬಲಿಲ್ಲ, ಶರ್ಟೆಲ್ಲಾ ವಾಸನೆ ಬರ್ತಿತ್ತು" ಅಂದ. ಹಬ್ಬಕ್ಕೆ ಊರಿಗೆ ಹೋಗಿ ನಾಲ್ಕು ದಿನ ಇದ್ದರೆ ಕೆಮ್ಮು ಕಮ್ಮಿ ಆಗುತ್ತದಂತೆ. ಬೇರೆ ಕೆಲಸ ನೋಡು ಅಂತ ಹೇಳುವುದು ಸುಲಭ. ಎಲ್ಲಿ ನೋಡುತ್ತಾನೆ?

ಅವನ ಮಾತು ಕೇಳಿದ ಮೇಲೆ ನನಗೆ ನೆನಪಾಗಿದ್ದು ಸ್ಯಾನ್ ಫ್ರಾನ್ಸಿಸ್ಕೋ. ಕ್ಯಾಲಿಫೋರ್ನಿಯಾದಲ್ಲಿ 1998ರ ಜನವರಿಯಿಂದ ಬಾರುಗಳಲ್ಲೂ ಸೇದುವಂತಿಲ್ಲ ಅಂತ ಆಯಿತು. ಅಲ್ಲಿನ ವೈದ್ಯರು ಬಾರಿನಲ್ಲಿ ಕೆಲಸ ಮಾಡುವ 53 ಜನರನ್ನು ನಿಷೇಧಕ್ಕೆ ಮುಂಚೆ ಮತ್ತು ಆಮೇಲೆ ಪರೀಕ್ಷೆ ಮಾಡಿದರು. ಮುಂಚೆ 39 ಜನರಿಗೆ ಕೆಮ್ಮು, ಕಫ, ಉಬ್ಬಸದಂಥ ತೊಂದರೆ ಇತ್ತು. ಕೆಲವೇ ವಾರಗಳಲ್ಲಿ ಅವರಲ್ಲಿ ನೂರಕ್ಕೆ 59 ಜನರಿಗೆ ಅದು ಹೋಗಿತ್ತು. ಔಷಧಿ ಏನೂ ಕೊಟ್ಟಿರಲಿಲ್ಲ. ಹೊಗೆ ನಿಂತಿತ್ತು, ಅಷ್ಟೇ.

ಕೆಲಸದ ಜಾಗದ ಗಾಳಿ ಏನು ಮಾಡುತ್ತದೆ ಅಂತ ಕೋಲಾರ ಜಿಲ್ಲೆಯವರಿಗೆ ಬೇರೆ ಊರಿನವರು ಬಂದು ಹೇಳಬೇಕಾಗಿಲ್ಲ. ಕೆ.ಜಿ.ಎಫ್. ನಮ್ಮದೇ. ಭೂಮಿಯೊಳಗೆ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ಬೆಣಚುಕಲ್ಲು ಕೊರೆದವರ ಎದೆಯಲ್ಲಿ ಆ ಕಲ್ಲಿನ ಧೂಳು ಕೂತಿತು. ಅದೇ ಸಿಲಿಕೋಸಿಸ್. ಭಾರತದಲ್ಲಿ ಈ ಕಾಯಿಲೆಯನ್ನು ಮೊದಲು ಗುರುತಿಸಿ ವರದಿ ಮಾಡಿದ್ದು 1934ರಲ್ಲಿ, ಕೋಲಾರದ ಚಿನ್ನದ ಗಣಿಯ ಕಾರ್ಮಿಕರಲ್ಲಿ. 1940ರಲ್ಲಿ ಮೈಸೂರು ಸರ್ಕಾರ ಇದಕ್ಕಾಗಿ ನಿಯಮಗಳನ್ನು ತಂದಿತು. ಆ ದಶಕದಲ್ಲಿ 7,653 ಕಾರ್ಮಿಕರನ್ನು ಪರೀಕ್ಷಿಸಿದಾಗ ಹತ್ತರಲ್ಲಿ ನಾಲ್ಕು ಜನರಿಗಿಂತ ಜಾಸ್ತಿ ಮಂದಿಗೆ ಸಿಲಿಕೋಸಿಸ್ ಇತ್ತು. ಆಗಲೂ ಕೆಲಸ ಬೇಡವಾದರೆ ಬಿಟ್ಟು ಹೋಗಲಿ ಅನ್ನಬಹುದಿತ್ತು. ಹಾಗಂದು ಸುಮ್ಮನಿರುವುದು ತಪ್ಪು ಅಂತ ನಿಧಾನವಾಗಿಯಾದರೂ ಒಪ್ಪಿಕೊಳ್ಳಬೇಕಾಯಿತು. ಉಸಿರಾಡಲು ಸರಿಯಾದ ಗಾಳಿ ಕೊಡುವುದು ಕೆಲಸ ಕೊಟ್ಟವನ ಜವಾಬ್ದಾರಿ. ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಸುಪ್ರೀಂ ಕೋರ್ಟಿನ ಸಿಗರೇಟು ಆದೇಶ ಬಂದಿದ್ದೂ ಅದೇ ವರ್ಷ. ಧೂಳೂ ಹೊಗೆಯೂ ಒಂದೇ ಅಂತ ನಾನು ಹೇಳುತ್ತಿಲ್ಲ, ಕಾಯಿಲೆಗಳು ಬೇರೆ ಬೇರೆ. ಕೂಲಿಗಾಗಿ ಕೆಟ್ಟ ಗಾಳಿ ಕುಡಿಯಬೇಕಾಗಿ ಬಂದವನ ಪರಿಸ್ಥಿತಿ ಮಾತ್ರ ಒಂದೇ.

ಇದು ಬಾರಿಗೆ ಮಾತ್ರ ಸೇರಿದ್ದಲ್ಲ. 2016-17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯಲ್ಲಿ, ಒಳಾಂಗಣದಲ್ಲಿ ಕೆಲಸ ಮಾಡುವ ವಯಸ್ಕರಲ್ಲಿ ನೂರಕ್ಕೆ 30.2 ಜನ ಕೆಲಸದ ಜಾಗದಲ್ಲಿ ಬೇರೆಯವರ ಹೊಗೆ ಕುಡಿಯುತ್ತಿದ್ದರು. ಸೇದುವವರು ಇದ್ದದ್ದು ನೂರಕ್ಕೆ 10.7. ಅಂದರೆ ಹತ್ತರಲ್ಲಿ ಒಬ್ಬ ಸೇದಿದ್ದಕ್ಕೆ ಮೂವರ ಕೆಲಸದ ಜಾಗ ಹೊಗೆಯಾಗುತ್ತಿತ್ತು.

ಈ ಕಾರಣಕ್ಕೇ 30 ಸೀಟಿನ ವಿನಾಯಿತಿ ಹೋಗಬೇಕು ಅನ್ನುತ್ತೇನೆ. ಸೇದುವ ಕೋಣೆ ನಿಯಮದ ಪ್ರಕಾರವೇ ಇದ್ದರೂ, ಅದರ ಕಸ ಗುಡಿಸುವವರು ಯಾರು? ಒಳಗೆ ಕೂತವನು ಬಿಯರ್ ಕೇಳಿದರೆ ಇಲ್ಲ ಅನ್ನುವ ಧೈರ್ಯ ಸಪ್ಲೈಯರಿಗೆ ಎಲ್ಲಿಂದ ಬರಬೇಕು, ಟಿಪ್ಸು ಕೊಡುವವನು ಅವನೇ ಆಗಿರುವಾಗ? ಅಧಿಕಾರಿ ಬಂದರೆ ಅಳತೆ, ಒತ್ತಡ, ಬಾಗಿಲು ಅಂತ ವಾದಕ್ಕೆ ದಾರಿ. ಎಲ್ಲಿಯೂ ಇಲ್ಲ ಅಂದರೆ ನೋಡಿದ ತಕ್ಷಣ ಗೊತ್ತಾಗುತ್ತದೆ.

ವ್ಯಾಪಾರ ಬೀಳುತ್ತದೆ ಅನ್ನುವ ಭಯ ಸುಳ್ಳು ಭಯ ಅಂತ ನಾನು ತಳ್ಳಿಹಾಕುವುದಿಲ್ಲ. ಲೈಸೆನ್ಸ್ ಶುಲ್ಕ, ಬಾಡಿಗೆ, ಸಂಬಳ ಎಲ್ಲ ಕಟ್ಟುವವನಿಗೆ ಆ ಭಯ ಸಹಜ. ಆದರೆ ಈ ದಾರಿಯಲ್ಲಿ ಮೊದಲೇ ನಡೆದ ದೇಶಗಳಿವೆ. ಐರ್ಲೆಂಡಿನಲ್ಲಿ ಪಬ್ಬು ಅಂದರೆ ಊರಿನ ಕಟ್ಟೆ ಇದ್ದ ಹಾಗೆ. ಅವರೇ 2004ರ ಮಾರ್ಚ್ 29ರಿಂದ ಎಲ್ಲ ಪಬ್ಬುಗಳಲ್ಲೂ ಸೇದುವುದನ್ನು ನಿಲ್ಲಿಸಿದರು, ಇಡೀ ದೇಶಕ್ಕೆ ಅನ್ವಯವಾಗುವ ಹಾಗೆ. ಹಾಗೆ ಮಾಡಿದ ಮೊದಲ ದೇಶ ಅದು. ಅದೇ ವರ್ಷ ನಾರ್ವೆ, ಮಾರನೇ ವರ್ಷ ಇಟಲಿ, 2007ರಲ್ಲಿ ಇಂಗ್ಲೆಂಡ್. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2009ರಲ್ಲಿ ಎಲ್ಲ ದೇಶಗಳ ಅಧ್ಯಯನಗಳನ್ನು ತೂಗಿ ನೋಡಿ, ಇಂಥ ಕಾನೂನಿನಿಂದ ಹೋಟೆಲು ಬಾರುಗಳ ವ್ಯಾಪಾರ ಕುಗ್ಗುವುದಿಲ್ಲ ಅಂತ ಹೇಳಿತು. ಒಂದು ಬಾರಿನಲ್ಲಿ ನಿಲ್ಲಿಸಿದರೆ ಗಿರಾಕಿ ಪಕ್ಕದ ಬಾರಿಗೆ ಹೋಗಬಹುದು. ಊರಿಗೆಲ್ಲ ಒಂದೇ ನಿಯಮ ಆದರೆ ಎಲ್ಲಿಗೆ ಹೋಗುತ್ತಾನೆ? ಮಾಲೀಕರಿಗೆ ಅನ್ಯಾಯ ಆಗುತ್ತಿರುವುದು ಈಗಲೇ, ಕಾನೂನು ಪಾಲಿಸಿದವನು ಗಿರಾಕಿ ಕಳೆದುಕೊಳ್ಳುತ್ತಿರುವಾಗ.

ಇನ್ನು ಸ್ಕಾಟ್ಲೆಂಡ್. ಅಲ್ಲಿ 2006ರ ಮಾರ್ಚಿನಲ್ಲಿ ನಿಷೇಧ ಬಂತು. ಮುಂದಿನ ವರ್ಷಕ್ಕೆ ಹೃದಯಾಘಾತದಂಥ ತೊಂದರೆಯಿಂದ ಆಸ್ಪತ್ರೆ ಸೇರುವವರು ನೂರಕ್ಕೆ 17ರಷ್ಟು ಕಡಿಮೆಯಾದರು. ಆಗಿನ್ನೂ ನಿಷೇಧ ಇರದ ಇಂಗ್ಲೆಂಡಿನಲ್ಲಿ ಕಡಿಮೆಯಾಗಿದ್ದು 4 ಮಾತ್ರ. ಹೀಗೆ ಕಡಿಮೆಯಾದವರಲ್ಲಿ ಮೂರನೇ ಎರಡು ಭಾಗ ಸೇದದವರು. ಎಲ್ಲ ಊರಿನ ಅಧ್ಯಯನಗಳೂ ಇಷ್ಟೇ ದೊಡ್ಡ ಅಂಕಿ ತೋರಿಸಿಲ್ಲ, ಕೆಲವು ಕಡೆ ಇಳಿಕೆ ಸಣ್ಣದು. ದಿಕ್ಕು ಮಾತ್ರ ಅದೇ. ಬಾರಿನಲ್ಲಿ ತಡೆದರೆ ಮನೆಗೆ ಹೋಗಿ ಮಕ್ಕಳ ಮುಂದೆ ಸೇದುತ್ತಾರೆ ಅನ್ನುವ ಆತಂಕವೂ ಇತ್ತು. ನಿಷೇಧದ ನಂತರ ಸ್ಕಾಟ್ಲೆಂಡಿನ ಶಾಲಾ ಮಕ್ಕಳ ಜೊಲ್ಲು ಪರೀಕ್ಷಿಸಿದಾಗ ಹೊಗೆಯ ಗುರುತು ನೂರಕ್ಕೆ 39ರಷ್ಟು ಇಳಿದಿತ್ತು.

ಸೇದುವವರ ಹಕ್ಕು? ಇದೆ, ಅವರ ಮೇಲೆ ನನಗೆ ಸಿಟ್ಟೂ ಇಲ್ಲ. ನಿಕೋಟಿನ್ ಬಿಡುವುದು ಎಷ್ಟು ಕಷ್ಟ ಅಂತ ನಮ್ಮ ಮನೆಯಲ್ಲೇ ನೋಡಿದ್ದೇನೆ. ಈ ಕಾನೂನು ಸೇದಬೇಡ ಅನ್ನುವುದಿಲ್ಲ, ಇಲ್ಲಿ ಸೇದಬೇಡ ಅನ್ನುತ್ತದೆ. ಎದ್ದು ಆಚೆ ಹೋಗಿ, ಬಾಗಿಲಿನಿಂದ ದೂರ ನಿಂತು ಸೇದಿ ಬರಲು ಐದು ನಿಮಿಷ. ಬಿಡಬೇಕು ಅನ್ನಿಸಿದವರಿಗೆ 1800-11-2356 ಅನ್ನುವ ಉಚಿತ ಸಹಾಯವಾಣಿ ಇದೆ. ಸಿಗರೇಟು ಪ್ಯಾಕಿನ ಮೇಲೇ ಆ ಸಂಖ್ಯೆ ಅಚ್ಚಾಗಿರುತ್ತದೆ.

ನಾವು ನೀವು ಏನು ಮಾಡಬಹುದು? ಬಾರಿನವನ ಜೊತೆ ಜಗಳ ಬೇಡ, ಪಕ್ಕದ ಟೇಬಲ್ಲಿನವರ ಜೊತೆಯಂತೂ ಬೇಡವೇ ಬೇಡ. 2008ರ ನಿಯಮದಲ್ಲಿ ನಮಗೆ ಅನುಕೂಲವಾದ ಮಾತುಗಳಿವೆ. ಕನಿಷ್ಠ 60 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಎತ್ತರದ ಬೋರ್ಡು, ಇಲ್ಲಿ ಧೂಮಪಾನ ಅಪರಾಧ ಅಂತ, ಬಾಗಿಲಲ್ಲೇ ಇರಬೇಕು. ಆಶ್ ಟ್ರೇ, ಲೈಟರ್, ಬೆಂಕಿಪಟ್ಟಣ ಕೊಡುವಂತಿಲ್ಲ. ದೂರು ಯಾರಿಗೆ ಕೊಡಬೇಕೋ ಅವರ ಹೆಸರನ್ನು ಎಲ್ಲರಿಗೂ ಕಾಣುವ ಹಾಗೆ ಹಾಕಿರಬೇಕು. ದೂರು ಕೊಟ್ಟರೂ ಅವರು ಸುಮ್ಮನಿದ್ದರೆ, ಎಷ್ಟು ಜನ ಸೇದುತ್ತಿದ್ದರೋ ಅಷ್ಟೂ ತಪ್ಪಿನ ದಂಡ ಮಾಲೀಕರ ಮೇಲೆ ಬೀಳುತ್ತದೆ. ಸಬ್ ಇನ್‌ಸ್ಪೆಕ್ಟರ್ ಮತ್ತು ಅವರ ಮೇಲಿನ ಪೊಲೀಸ್ ಅಧಿಕಾರಿಗಳು ದಂಡ ಹಾಕಬಹುದು.

ಹೋದ ತಿಂಗಳು ನಾನು ಹಾಗೆ ಮಾಡಿದೆ. ಊಟಕ್ಕೆ ಕೂತ ಕಡೆ ಮ್ಯಾನೇಜರನ್ನು ಕರೆದು, ದೂರು ಯಾರಿಗೆ ಕೊಡಬೇಕೋ ಅವರ ಹೆಸರಿನ ಬೋರ್ಡು ಎಲ್ಲಿದೆ ಅಂತ ಮೆಲ್ಲಗೆ ಕೇಳಿದೆ. ಅವರಿಗೆ ಅಂಥದ್ದೊಂದು ನಿಯಮ ಇರುವುದೇ ಗೊತ್ತಿರಲಿಲ್ಲ. ಸಿಟ್ಟು ಮಾಡಿಕೊಳ್ಳಲಿಲ್ಲ. ಪಕ್ಕದ ಟೇಬಲ್ಲಿನವರ ಹತ್ತಿರ ಹೋಗಿ, "ಸಾರ್, ಸ್ವಲ್ಪ ಆಚೆ ಹೋಗಿ ಸೇದ್ಕೊಂಡು ಬನ್ನಿ" ಅಂದರು. ಆ ಇಬ್ಬರೂ ಏನೂ ಮಾತಾಡದೆ ಎದ್ದು ಹೋದರು. ಸಪ್ಲೈಯರ್ ಬಂದು ಆಶ್ ಟ್ರೇ ಎತ್ತಿಕೊಂಡು ಹೋದ.